ಬೆಂಗಳೂರಿನ ಗಿರಣಿ ಕೇರಿ

ಬೆಂಗಳೂರಿನ ಮುಖ್ಯ ರೈಲ್ವೆ ನಿಲ್ದಾಣದ ಮಗ್ಗುಲಲ್ಲಿ ಒಂದು ರಸ್ತೆ ಉಂಟು. ಅದರ ಹೆಸರು ಟ್ಯಾಂಕ್ ಬಂಡ್ ರಸ್ತೆ. ಕೆರೆಯ ಏರಿಯ ದಾರಿ ಎಂದು ಅರ್ಥ. ಆ ದಾರಿಯಲ್ಲಿ ನಿಂತು ನಾಲ್ಕು ಕಡೆಗೆ ಕಣ್ಣಾಡಿಸಿದರೆ ಏರಿಯೂ ಕಾಣದು, ಕೆರೆಯೂ ಕಾಣದು. ಕಾಣುವುದು ಬಸ್ಸುಗಳು, ತಳ್ಳುಗಾಡಿಗಳು, ಮೂಟೆ ಹೊತ್ತ ಪ್ರಯಾಣಿಕರು, ಮತ್ತು ಎಲ್ಲಿಗೋ ಅವಸರವಾಗಿ ಹೋಗುತ್ತಿರುವ ಜನ. ಹೆಸರಿಗೆ ಅರ್ಥವಿದೆಯೆಂಬುದನ್ನು ಯೋಚಿಸುವ ಬಿಡುವು ಅವರಲ್ಲಿ ಯಾರಿಗೂ ಇಲ್ಲ. ಇರಬೇಕೆಂದು ನಾವು ಹೇಳುವುದೂ ಇಲ್ಲ. ಆದರೆ ಒಂದು ಭಾನುವಾರ ಬೆಳಗ್ಗೆ ಬಿಡುವಾಗಿದ್ದ ನಮಗೆ ಆ ಹೆಸರೇ ಒಂದು ಬಾಗಿಲಾಗಿ ತೋರಿತು. ಅಲ್ಲಿಂದ ಹೊರಟು ಅರಳೆಪೇಟೆ, ಬಿನ್ನಿಪೇಟೆ, ಗೋಪಾಲಪುರಗಳನ್ನು ಸುತ್ತಿ, ರೈಲು ಹಳಿಯನ್ನು ದಾಟಿ ಮಲ್ಲೇಶ್ವರದ ತುದಿಯವರೆಗೆ ನಡೆದೆವು. ರಾಜಧಾನಿಯ ಇತಿಹಾಸವೆಂದರೆ ಅರಮನೆ, ಕೋಟೆ, ಲಾಲ್‌ಬಾಗು ಎಂದು ತಿಳಿದವರಿಗೆ ಈ ದಾರಿಯಲ್ಲಿ ನೋಡತಕ್ಕದ್ದು ಏನೂ ಇಲ್ಲವೆಂದೇ ತೋರಬಹುದು. ನಾವು ಕಂಡದ್ದನ್ನು ಕೇಳುಗರ ಮುಂದಿಡುತ್ತೇವೆ, ನಿರ್ಣಯ ಅವರದು.

ಆ ಕೆರೆಯ ಹೆಸರು ಧರ್ಮಾಂಬುಧಿ. ಬೆಂಗಳೂರನ್ನು ೧೫೩೭ರಲ್ಲಿ ಕಟ್ಟಿದ ಕೆಂಪೇಗೌಡನ ಕಾಲದ್ದೆಂದು ಪ್ರತೀತಿ. ಪೇಟೆಯ ಜನಕ್ಕೆ ಬಹುಕಾಲ ಕುಡಿಯುವ ನೀರನ್ನು ಕೊಟ್ಟದ್ದು ಅದೇ. ಊರು ಬೆಳೆದಂತೆ, ನೀರು ಬರುವ ಹಾದಿಗಳು ಮುಚ್ಚಿದಂತೆ ಕೆರೆ ಬತ್ತಿತು, ಅಂಗಳ ಮೈದಾನವಾಯಿತು, ಮೈದಾನದಲ್ಲಿ ಸಭೆಗಳು ನಡೆದುವು, ಅನಂತರ ಮೈದಾನ ಬಸ್ಸುಗಳ ನಿಲ್ದಾಣವಾಯಿತು. ಈಗ ಆ ನಿಲ್ದಾಣಕ್ಕೆ ಕೆಂಪೇಗೌಡನ ಹೆಸರನ್ನೇ ಇಟ್ಟಿದ್ದಾರೆ. ಅವನು ತುಂಬಿಸಿದ ಕೆರೆಯನ್ನು ಕಳೆದುಕೊಂಡು, ಅದರ ತಳಕ್ಕೆ ಅವನ ಹೆಸರನ್ನು ಕೊಟ್ಟ ಈ ಕೃತಜ್ಞತೆ ವಿಚಿತ್ರವಾದುದು. ಆದರೆ ಜನ ಆ ಹೆಸರನ್ನೂ ಬಳಸುವುದಿಲ್ಲ. ಅವರ ಬಾಯಲ್ಲಿ ಅದು ಮೆಜೆಸ್ಟಿಕ್. ಮೆಜೆಸ್ಟಿಕ್ ಎಂಬುದು ಅಲ್ಲಿದ್ದ ಒಂದು ಚಿತ್ರಮಂದಿರದ ಹೆಸರು. ಅದೂ ಈಗಿಲ್ಲ. ಹೀಗೆ, ಇಲ್ಲದ ಕೆರೆಯ ಏರಿಯಲ್ಲಿ ನಡೆದು, ಇಲ್ಲದ ಚಿತ್ರಮಂದಿರದ ಹೆಸರು ಹೇಳಿ ಬಸ್ಸು ಹಿಡಿಯುವವರು ಬೆಂಗಳೂರಿನವರು.

ಏರಿಯ ದಾರಿಯನ್ನು ಹಿಡಿದು ಪೇಟೆಯ ಕಡೆ ಇಳಿದರೆ ಕಾಟನ್‌ಪೇಟೆ. ಹಳಬರು ಅದನ್ನು ಅರಳೆಪೇಟೆ ಎನ್ನುತ್ತಾರೆ. ಹತ್ತಿಯ ಬೀಜ ತೆಗೆದು ಹಿಂಜಿದ ಮೇಲೆ ಉಳಿಯುವ ಬಿಳಿಯ ನಯವಾದ ವಸ್ತುವಿಗೆ ಅರಳೆ ಎಂಬ ಮಾತು ಇದೆಯಷ್ಟೆ. ಗಿರಣಿಗಳು ಬರುವುದಕ್ಕೆ ಬಹಳ ಹಿಂದೆಯೇ ಈ ಊರು ನೂಲಿನ ಊರಾಗಿತ್ತೆಂಬುದಕ್ಕೆ ಈ ಒಂದು ಹೆಸರೇ ಸಾಕ್ಷಿ. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, ಎಂದರೆ ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿಯ ಸರ್ಕಾರದ ಅಪ್ಪಣೆಯಂತೆ ಈ ಸೀಮೆಯನ್ನು ಸುತ್ತಿ ನೋಡಿ ಬರೆದಿಟ್ಟ. ಬೆಂಗಳೂರಿನ ನೇಕಾರರ ಪಂಗಡಗಳು, ಅವರು ನೇಯುತ್ತಿದ್ದ ಬಟ್ಟೆ, ಹತ್ತಿ ಎಲ್ಲಿಂದ ಬರುತ್ತಿತ್ತು, ಬಣ್ಣ ಹೇಗೆ ಹಾಕುತ್ತಿದ್ದರು, ಇವೆಲ್ಲವನ್ನೂ ಅವನು ವಿಚಾರಿಸಿದ್ದಾನೆ. ದೇವಾಂಗರು, ಪಟ್ಟೆಗಾರರು, ಖತ್ರಿಗಳು, ತೊಗಟರು ಎಂಬ ಹೆಸರುಗಳು ಅವನ ಬರಹದಲ್ಲಿ ಬರುತ್ತವೆ. ಇವೇ ಮನೆತನಗಳ ಮಗ್ಗದ ಸದ್ದು ಪೇಟೆಯ ಓಣಿಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿಯೂ ಕೇಳುತ್ತಿತ್ತು; ಕೈಮಗ್ಗದ ಬದಲು ವಿದ್ಯುತ್ತಿನ ಮಗ್ಗ, ಅಷ್ಟೇ ವ್ಯತ್ಯಾಸ.

ಅರಳೆಪೇಟೆಯಲ್ಲಿ ಇನ್ನೊಂದು ವಿಶೇಷ ಉಂಟು. ತವಕ್ಕಲ್ ಮಸ್ತಾನ್ ಎಂಬ ಸಂತರ ದರ್ಗಾ ಅಲ್ಲಿದೆ. ಚೈತ್ರ ಶುದ್ಧ ಪೂರ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗವು, ಹೂವಿನ ಗೋಪುರವನ್ನು ತಲೆಯ ಮೇಲೆ ಹೊತ್ತು, ಕತ್ತಿ ಹಿಡಿದ ವೀರಕುಮಾರರ ನಡುವೆ ಊರನ್ನೆಲ್ಲ ಸುತ್ತುವಾಗ, ಈ ದರ್ಗಾಕ್ಕೂ ಬಂದು ಹೋಗುತ್ತದೆ. ಇದನ್ನು ಯಾವ ಸರ್ಕಾರವೂ ಆಜ್ಞೆ ಮಾಡಿ ನಡೆಸಿದ್ದಲ್ಲ. ಒಂದೇ ಬೀದಿಯಲ್ಲಿ ನೂತು ನೇಯ್ದು ಮಾರಿ ಬಾಳಿದ ಜನರ ನಡುವೆ ಹುಟ್ಟಿದ ನಡವಳಿಕೆ ಅದು.

ಇನ್ನು ಗಿರಣಿಗಳ ಮಾತು. ೧೮೬೪ರಲ್ಲಿ ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮೂಲಕ ದಂಡಿನ ಪ್ರದೇಶಕ್ಕೆ ರೈಲು ಬಂದಿತು. ೧೮೭೬ರಿಂದ ೭೮ರವರೆಗಿನ ಮಹಾಕ್ಷಾಮದಲ್ಲಿ ಹೊಟ್ಟೆಗಿಲ್ಲದ ಜನಕ್ಕೆ ಕೂಲಿ ಕೊಡುವ ಉಪಾಯವಾಗಿ ಬೆಂಗಳೂರಿನಿಂದ ಮೈಸೂರಿನ ಕಡೆಗೆ ರೈಲು ದಾರಿಯ ಕೆಲಸ ಆರಂಭವಾಯಿತು. ಇಂದು ಆ ದಾರಿಯಲ್ಲಿ ಸುಖವಾಗಿ ಕುಳಿತು ಕಾಫಿ ಕುಡಿಯುತ್ತ ಹೋಗುವ ನಾವು, ಅದರ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತವರು ಯಾವ ಸ್ಥಿತಿಯಲ್ಲಿದ್ದರೆಂಬುದನ್ನು ನೆನೆಯುವುದು ಅಪರೂಪ. ರೈಲು ಬಂದ ಮೇಲೆ ಕಲ್ಲಿದ್ದಲು ಬಂದಿತು. ಕಲ್ಲಿದ್ದಲು ಬಂದ ಮೇಲೆ ಉಗಿಯ ಯಂತ್ರ ಬಂದಿತು. ಹಳಿಯ ಬದಿಯಲ್ಲಿ ಚಿಮಣಿಗಳು ಎದ್ದುವು. ೧೮೮೪ರಲ್ಲಿ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿ ಎಂಬ ಉದ್ದ ಹೆಸರಿನ ಕಂಪೆನಿ ಸ್ಥಾಪನೆಯಾಯಿತು. ಎರಡು ವರ್ಷಗಳಲ್ಲಿ ಅದರ ಆಡಳಿತ ಮದರಾಸಿನ ಬಿನ್ನಿ ಕಂಪೆನಿಯ ಕೈಗೆ ಹೋಯಿತು. ಅದೇ ಕಾಲದ ಸುಮಾರಿನಲ್ಲಿ ಮಲ್ಲೇಶ್ವರದ ದಿಕ್ಕಿನಲ್ಲಿ ಮೈಸೂರು ನೂಲಿನ ಗಿರಣಿಯೂ ಎದ್ದಿತು. ಜನ ಅದನ್ನು ರಾಜಾ ಮಿಲ್ಲು ಎಂದು ಕರೆದರು.

ಬಿನ್ನಿ ಎಂಬುದು ಯಾವುದೋ ದೇವತೆಯ ಅಥವಾ ಗ್ರಾಮದ ಹೆಸರೆಂದು ತಿಳಿದ ಬೆಂಗಳೂರಿಗರನ್ನು ನಾವು ಕಂಡಿದ್ದೇವೆ. ಅದು ಅವರ ತಪ್ಪಲ್ಲ. ಪೇಟೆ ಎಂಬ ನಮ್ಮ ಮಾತು ಸೇರಿದ ಮೇಲೆ ಯಾವ ಹೆಸರಾದರೂ ನಮ್ಮದೇ ಆಗಿಬಿಡುತ್ತದೆ. ನಿಜವಾಗಿ ಅದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿ ವ್ಯಾಪಾರಕ್ಕೆ ನಿಂತ ಒಂದು ಬಿಳಿಯರ ಮನೆತನದ ಹೆಸರು. ೧೯೦೬ರಲ್ಲಿ ಮದರಾಸಿನ ಅರ್ಬತ್‌ನಾಟ್ ಎಂಬ ದೊಡ್ಡ ಸಾಹುಕಾರಿ ಮನೆ ದಿವಾಳಿಯಾಗಿ ಸಾವಿರಾರು ಜನರ ಗಂಟು ಮುಳುಗಿದಾಗ ಬಿನ್ನಿಯೂ ತತ್ತರಿಸಿತು. ಇಂಚ್‌ಕೇಪ್ ಪ್ರಭುವೆಂದು ಅನಂತರ ಹೆಸರಾದ ಜೇಮ್ಸ್ ಮೆಕೇಯ ಗುಂಪು ಅದನ್ನು ಕೊಂಡಿತು. ಒಡೆಯರು ಬದಲಾದರು, ಹೆಸರು ಉಳಿಯಿತು. ಮದರಾಸಿನ ಒಂದು ಬ್ಯಾಂಕು ಮುಳುಗಿದ ಕಾರಣ ಬೆಂಗಳೂರಿನ ಪಡುವಣ ಕೇರಿಯ ಮಗ್ಗಗಳಿಗೆ ಲಂಡನ್ನಿನಲ್ಲಿ ಒಡೆಯರು ದೊರೆತರೆಂಬುದನ್ನು ಆ ದಿನ ಮಗ್ಗದ ಮುಂದೆ ನಿಂತಿದ್ದವನು ತಿಳಿದಿದ್ದನೆ? ತಿಳಿದಿರಲಾರ. ಅವನಿಗೆ ತಿಳಿದದ್ದು ಬಟ್ಟೆ: ದಂಡಿನವರಿಗೆ ಖಾಕಿ, ಚಳಿಗೆ ಕಂಬಳಿ, ಮದುವೆಗೆ ರೇಷ್ಮೆ. ಎರಡು ಮಹಾಯುದ್ಧಗಳಲ್ಲಿಯೂ ಈ ಗಿರಣಿಯ ಬಟ್ಟೆ ಸೈನ್ಯಕ್ಕೆ ಹೋಯಿತು.

ಗಿರಣಿಯ ಒಳಗಿನ ಬಾಳು ಹೇಗಿತ್ತೆಂಬುದನ್ನು ತಿಳಿಯಲು ನಾವು ಆ ಕೇರಿಯ ಒಬ್ಬ ವೃದ್ಧರನ್ನು ಮಾತಿಗೆ ಎಳೆದೆವು. ಗಿರಣಿ ಮುಚ್ಚುವವರೆಗೂ ನೇಯ್ಗೆಯ ಸಾಲೆಯಲ್ಲಿ ಕೆಲಸ ಮಾಡಿದವರು. ಮನೆಯ ಜಗಲಿಯ ಮೇಲೆ ಕುಳಿತಿದ್ದರು. ನಾವು ಕೇಳಿದ ಮೊದಲ ಪ್ರಶ್ನೆಯನ್ನು ಎರಡು ಸಲ ಕೇಳಬೇಕಾಯಿತು. ಅವರು ಕೈಯನ್ನು ಕಿವಿಗೆ ಮರೆ ಮಾಡಿಕೊಂಡರು.

“ಯಜಮಾನರೆ, ಅಷ್ಟು ಮಗ್ಗಗಳ ಸದ್ದಿನಲ್ಲಿ ಒಬ್ಬರೊಡನೊಬ್ಬರು ಹೇಗೆ ಮಾತಾಡುತ್ತಿದ್ದಿರಿ?”

“ಮಾತು ಎಲ್ಲಿ ಬಂತು ಸ್ವಾಮಿ. ಕೈಯಲ್ಲೇ ಎಲ್ಲಾ. ಮೇಸ್ತ್ರಿ ಬಂದ ಅಂದ್ರೆ ಹೀಗೆ,” ಎಂದು ಮೀಸೆಯನ್ನು ತಿರುವಿ ತೋರಿಸಿದರು. “ನೀರು ಬೇಕು ಅಂದ್ರೆ ಹೀಗೆ. ಎದುರಿನವನ ತುಟಿ ನೋಡಿದ್ರೆ ಸಾಕು, ಏನಂದ ಅಂತ ಗೊತ್ತಾಗೋದು. ಮನೆಗೆ ಬಂದ್ರೆ ನಮ್ಮಾಕೆ, ಯಾಕೆ ಹಿಂಗೆ ಕೂಗಾಡ್ತೀರಿ ಅನ್ನೋಳು. ಕೂಗ್ತಾ ಇದೀನಿ ಅಂತಲೇ ನಂಗೆ ಗೊತ್ತಾಗ್ತಿರಲಿಲ್ಲ.”

ಒಳಗಿನಿಂದ ಯಾರೋ ನಕ್ಕ ಸದ್ದು ಕೇಳಿಸಿತು. ಅವರಿಗೆ ಅದು ಕೇಳಿಸಲಿಲ್ಲ.

ಹತ್ತಿಯ ಗಿರಣಿ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಬಿಗಿದ ಹತ್ತಿಯ ಮೂಟೆಯನ್ನು ಬಿಚ್ಚಿ, ಬಡಿದು, ಧೂಳು ತೆಗೆದು, ಹಿಂಜಿ, ಎಳೆಮಾಡಿ, ಕದಿರುಗಳಿಗೆ ಕೊಡುತ್ತಾರೆ. ನೂಲು ಬಂದ ಮೇಲೆ ಹಾಸಿನ ಎಳೆಗಳಿಗೆ ಗಂಜಿ ಹಾಕುತ್ತಾರೆ. ಇಲ್ಲದಿದ್ದರೆ ಮಗ್ಗದ ಎಳೆತಕ್ಕೆ ಅವು ತಾಳವು. ಆಮೇಲೆ ಲಾಳಿ ಅತ್ತಿಂದಿತ್ತ ಹಾರಿ ಹೊಕ್ಕನ್ನು ಸೇರಿಸುತ್ತದೆ. ಇದರಲ್ಲಿ ಎರಡು ಸಂಗತಿಗಳು ನೋಡುವವನಿಗೆ ತಿಳಿಯುವುದಿಲ್ಲ. ಒಂದು, ಗಾಳಿ ಒಣಗಿದ್ದರೆ ಎಳೆ ತುಂಡಾಗುತ್ತದೆ. ಬೆಂಗಳೂರಿನ ಹವೆ ಮನುಷ್ಯರಿಗೆ ಎಷ್ಟು ಹಿತವೋ ನೂಲಿಗೆ ಅಷ್ಟು ಹಿತವಲ್ಲ. ಬೇಸಗೆಯಲ್ಲಿ ಅದು ಬಹಳ ಶುಷ್ಕ. ಆದಕಾರಣ ನೂಲುವ, ನೇಯುವ ಸಾಲೆಗಳಲ್ಲಿ ಗಾಳಿಯನ್ನು ತೇವವಾಗಿ ಇಡಬೇಕು, ಕಿಟಕಿಗಳನ್ನು ಮುಚ್ಚಿಡಬೇಕು. ಹೊರಗೆ ತಂಗಾಳಿ ಬೀಸುತ್ತಿರುವಾಗ ಒಳಗಿನವರು ಬೆವರಿನಲ್ಲಿ ನೆನೆದು ನಿಲ್ಲುವರು. ಎರಡನೆಯದು, ಹತ್ತಿಯ ಧೂಳು. ಅದು ಕಣ್ಣಿಗೆ ಹಿಮದಂತೆ ಅಂದವಾಗಿ ತೋರುತ್ತದೆ. ಎದೆಗೆ ಹೊಕ್ಕರೆ ವರ್ಷಗಳ ಮೇಲೆ ಉಸಿರು ಕಟ್ಟಿಸುತ್ತದೆ. ಈ ರೋಗಕ್ಕೆ ಒಂದು ವಿಚಿತ್ರ ಲಕ್ಷಣವುಂಟು. ವಾರದ ರಜೆ ಕಳೆದು ಮರುದಿನ ಕೆಲಸಕ್ಕೆ ಬಂದಾಗ ಎದೆ ಹೆಚ್ಚಾಗಿ ಬಿಗಿಯುತ್ತದೆ. ವಾರ ಸಾಗಿದಂತೆ ಸಡಿಲವಾದಂತೆ ತೋರುತ್ತದೆ. ಹೀಗಾಗಿ ಭಾನುವಾರದ ವಿಶ್ರಾಂತಿಯೇ ತಮಗೆ ಆಗದೆಂದು ನಂಬಿದ ಕೂಲಿಗಾರರೂ ಇದ್ದಿರಬೇಕು. ಹಳೆಯ ಲಾಳಿಗಳಲ್ಲಿ ಇನ್ನೊಂದು ಕೇಡಿತ್ತು: ಹೊಸ ನೂಲುಂಡೆ ಹಾಕಿದಾಗ ಲಾಳಿಯ ಕಣ್ಣಿಗೆ ಬಾಯಿಟ್ಟು ಹೀರಿ ಎಳೆಯನ್ನು ಹೊರಗೆ ತರುತ್ತಿದ್ದರು. ಒಂದೇ ಲಾಳಿ ಹಲವರ ಬಾಯಿಗೆ ಹೋಗುತ್ತಿತ್ತು. ಕ್ಷಯರೋಗಕ್ಕೆ ಇದಕ್ಕಿಂತ ಸುಲಭವಾದ ದಾರಿ ಬೇಕೆ?

ಗಿರಣಿಗಳ ಛಾವಣಿಯನ್ನು ರೈಲಿನಿಂದ ನೋಡಿದವರು ಅದು ಗರಗಸದ ಹಲ್ಲಿನಂತೆ ಇರುವುದನ್ನು ಕಂಡಿರಬಹುದು. ಒಂದು ಕಡೆ ಇಳಿಜಾರು, ಒಂದು ಕಡೆ ನೆಟ್ಟಗೆ ನಿಂತ ಗಾಜು. ಗಾಜಿನ ಮುಖ ಉತ್ತರಕ್ಕೆ. ನಮ್ಮ ದೇಶದಲ್ಲಿ ಬಹುಪಾಲು ವರ್ಷ ಸೂರ್ಯನು ದಕ್ಷಿಣದ ಕಡೆ ಬಾಗಿರುವುದರಿಂದ, ಉತ್ತರದ ಬೆಳಕು ನೇರವಾದ ಬಿಸಿಲಲ್ಲ. ಸಮವಾದ, ಕಣ್ಣು ಕುಕ್ಕದ ಬೆಳಕು. ತುಂಡಾದ ಒಂದು ಎಳೆಯನ್ನು ಸಾವಿರ ಎಳೆಗಳ ನಡುವೆ ಹುಡುಕಬೇಕಾದವನಿಗೆ ಅಂಥ ಬೆಳಕೇ ಬೇಕು. ಸೌಂದರ್ಯಕ್ಕಾಗಿ ಮಾಡಿದ್ದಲ್ಲ, ಆದರೂ ನಮ್ಮ ಕಣ್ಣಿಗೆ ಆ ಛಾವಣಿ ಅನೇಕ ಅಲಂಕಾರದ ಕಟ್ಟಡಗಳಿಗಿಂತ ಚೆನ್ನಾಗಿ ಕಾಣುತ್ತದೆ. ಗಿರಣಿಯ ಕೂಗಿನ ವಿಷಯವನ್ನೂ ಹೇಳಬೇಕು. ಅದು ಕೂಲಿಗಾರರನ್ನು ಕರೆಯಲು ಇದ್ದದ್ದು. ಆದರೆ ಮನೆಯಲ್ಲಿ ಗಡಿಯಾರವಿಲ್ಲದ ಸುತ್ತಣ ಕೇರಿಗಳಿಗೆಲ್ಲ ಅದೇ ಗಡಿಯಾರ. ಆ ಕೂಗಿಗೆ ಒಲೆ ಹೊತ್ತಿಸುವರು, ಮಕ್ಕಳನ್ನು ಎಬ್ಬಿಸುವರು, ಬುತ್ತಿ ಕಟ್ಟುವರು. ಜಗಲಿಯ ವೃದ್ಧರು ಹೇಳಿದಂತೆ, ಕೂಗು ನಿಂತ ಮೊದಲ ವಾರ ಇಡೀ ಬೀದಿಗೆ ಬೆಳಗೇ ಆಗಲಿಲ್ಲವಂತೆ.

ರೈಲು ತಂದದ್ದು ಕಲ್ಲಿದ್ದಲನ್ನು ಮಾತ್ರವಲ್ಲ. ೧೮೯೮ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬೆಂಗಳೂರಿಗೆ ಬಂದದ್ದೂ ರೈಲಿನ ದಾರಿಯಲ್ಲಿಯೇ. ಮೊದಲು ರೋಗ ತಗಲಿದವನು ರೈಲ್ವೆಯ ಅಧಿಕಾರಿಯೊಬ್ಬನ ಮನೆಯ ಸೇವಕನೆಂದು ಹೇಳುತ್ತಾರೆ. ಧಾನ್ಯದ ಮೂಟೆ, ಅದರಲ್ಲಿ ಇಲಿ, ಇಲಿಯ ಮೈಮೇಲೆ ಚಿಗಟ: ಇಷ್ಟೇ ಸರಪಣಿ. ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಸಾವು ಹಬ್ಬಿತು. ಜನ ಊರು ಬಿಟ್ಟು ಬಯಲಿನ ಗುಡಿಸಲುಗಳಿಗೆ ಓಡಿದರು. ಪ್ಲೇಗಿನ ಮಾರಮ್ಮನ ಗುಡಿಗಳು ಎದ್ದುವು. ಅವುಗಳಲ್ಲಿ ಕೆಲವಕ್ಕೆ ಇಂದಿಗೂ ಪೂಜೆ ನಡೆಯುತ್ತದೆ. ಸರ್ಕಾರ ಮಾಡಿದ ಕೆಲಸವೆಂದರೆ ಮಲ್ಲೇಶ್ವರ, ಬಸವನಗುಡಿ ಎಂಬ ಹೊಸ ಬಡಾವಣೆಗಳನ್ನು ಬೆಳೆಸಿದ್ದು. ಅಗಲವಾದ ನೇರ ಬೀದಿ, ಮನೆಗೆ ಗಾಳಿ ಬೆಳಕು, ಮುಂದೆ ತೋಟ. ಮಲ್ಲೇಶ್ವರಕ್ಕೆ ಹೆಸರು ಬಂದದ್ದು ಕಾಡು ಮಲ್ಲೇಶ್ವರನ ಗುಡಿಯಿಂದ. ಶಿವಾಜಿಯ ಮಲಸಹೋದರನಾದ ವೆಂಕೋಜಿಯು ೧೬೬೯ರಲ್ಲಿ ಆ ದೇವರಿಗೆ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟ ಶಾಸನ ಅಲ್ಲಿದೆ. ಮರಾಠರ ದತ್ತಿ, ಕನ್ನಡದ ದೇವರು, ಮೇದರ ಹೆಸರಿನ ಹಳ್ಳಿ. ಇದೇ ಗುಡಿಯ ಎದುರಿಗೆ ಮಣ್ಣಿನಲ್ಲಿ ಹೂತುಹೋಗಿದ್ದ ನಂದಿತೀರ್ಥವು ೧೯೯೭ರಲ್ಲಿ ಬೆಳಕಿಗೆ ಬಂದಿತು. ನೆಲ ಅಗೆಯದೆ ಬಿಟ್ಟಿದ್ದರೆ ನಂದಿಯ ಬಾಯಿಂದ ನೀರು ಸುರಿಯುವ ಆ ಕಲ್ಯಾಣಿಯ ಮೇಲೆ ಇನ್ನೇನು ಎದ್ದಿರುತ್ತಿತ್ತೋ.

ಮಲ್ಲೇಶ್ವರದ ವಿಶಾಲವಾದ ಬೀದಿಗಳನ್ನು ಹೊಗಳದವರಿಲ್ಲ. ಆದರೆ ಆ ಬೀದಿಗಳ ಹಿಂದೆ ಇನ್ನೊಂದು ಬೀದಿ ಉಂಟು. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಇಕ್ಕಟ್ಟಾದ ಒಂದು ಓಣಿ. ಕನ್ಸರ್ವೆನ್ಸಿ ಓಣಿ ಎಂದು ಪುರಸಭೆಯವರ ಮಾತು. ಅತಿಥಿಗಳು ಅದರಲ್ಲಿ ಬರುವುದಿಲ್ಲ. ಮದುವೆಯ ಮೆರವಣಿಗೆ ಅದರಲ್ಲಿ ಹೋಗುವುದಿಲ್ಲ. ಅದು ಜಲಗಾರರಿಗಾಗಿ ಮಾಡಿದ ದಾರಿ. ನೆಲದಡಿಯ ಚರಂಡಿ ಬರುವುದಕ್ಕೆ ಮುಂಚೆ, ಬೆಳಗಿನ ಜಾವದಲ್ಲಿ ಅವರು ಹಿತ್ತಿಲ ಪಾಯಖಾನೆಯ ಸಣ್ಣ ಬಾಗಿಲನ್ನು ಹೊರಗಿನಿಂದಲೇ ತೆರೆದು, ಮನೆಯವರ ಕಣ್ಣಿಗೆ ಬೀಳದಂತೆ ಮಲವನ್ನು ತುಂಬಿಕೊಂಡು ಹೋಗಬೇಕಾಗಿತ್ತು. ಆರೋಗ್ಯದ ಮಾದರಿಯೆಂದು ಹೊಗಳಿಸಿಕೊಂಡ ಬಡಾವಣೆಯ ಆರೋಗ್ಯ ಆ ಓಣಿಯ ಮೇಲೆ ನಿಂತಿತ್ತು. ನಕ್ಷೆ ಬರೆದವನು ಜಾತಿಯನ್ನು ಬರೆಯಲಿಲ್ಲ. ಆದರೆ ಗೆರೆ ಎಳೆದಾಗ ಅದು ತಾನಾಗಿ ಬಂದು ಕುಳಿತಿತು. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸಲು ದೇವರಾಜ ಅರಸರ ಸಂಪುಟದ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ೧೯೭೦ರ ದಶಕದಲ್ಲಿ ಆಜ್ಞೆ ಮಾಡಬೇಕಾಯಿತು. ಇದಕ್ಕಾಗಿ ಪಾರ್ಲಿಮೆಂಟಿನ ಶಾಸನ ೧೯೯೩ರಲ್ಲಿ ಬಂದಿತು. ಅದು ಸಾಲದೆ ೨೦೧೩ರಲ್ಲಿ ಇನ್ನೊಂದು. ಆ ಓಣಿಗಳಲ್ಲಿ ಕೆಲವು ಈಗಲೂ ಇವೆ. ಕೆಲವನ್ನು ಅಕ್ಕಪಕ್ಕದವರು ತಮ್ಮ ಹಿತ್ತಿಲಿಗೆ ಸೇರಿಸಿಕೊಂಡಿದ್ದಾರೆ. ಒಂದರಲ್ಲಿ ಒಬ್ಬರು ತುಳಸಿಯ ಕಟ್ಟೆಯನ್ನು ಕಟ್ಟಿದ್ದುದನ್ನು ನಾವು ಕಂಡೆವು; ಓಣಿ ಏಕೆ ಇತ್ತೆಂದು ಕೇಳಿದರೆ ಅವರಿಗೆ ತಿಳಿಯದು.

ಹಳಿಯ ಉತ್ತರಕ್ಕೆ ಬಂದಂತೆ ಗಿರಣಿಗಳ ಕಾಲ ಹೋಗಿ ವಿದ್ಯುತ್ತಿನ ಕಾಲ ಬರುತ್ತದೆ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಮೊದಲು ಹೋದದ್ದು ರಾಜಧಾನಿಗಲ್ಲ, ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಯಲ್ಲಿ ದೀಪ ಬೆಳಗಿದ್ದು ೧೯೦೫ರ ಆಗಸ್ಟ್ ೫ರಂದು. ಏಷ್ಯಾಖಂಡದಲ್ಲೇ ಇದು ಮೊದಲೆಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಷಾಂಘಾಯಿಯ ಬೀದಿಯಲ್ಲಿ ೧೮೮೨ರಲ್ಲಿಯೇ ವಿದ್ಯುದ್ದೀಪವಿತ್ತಾದ್ದರಿಂದ ಈ ಹೆಮ್ಮೆಯನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು. ವಿದ್ಯುತ್ತು ಬಂದ ಮೇಲೆ ಅದರ ಬಳಗ ಬಂದಿತು. ತಂತಿಗೆ ಆಸರೆಯಾಗಿ ಪಿಂಗಾಣಿಯ ಬಟ್ಟಲುಗಳು ಬೇಕು, ಅದಕ್ಕೊಂದು ಸರ್ಕಾರಿ ಕಾರ್ಖಾನೆ; ದೀಪದ ಬುರುಡೆಗಳು ಬೇಕು, ಅದಕ್ಕಾಗಿ ೧೯೩೬ರಲ್ಲಿ ಮೈಸೂರು ಲ್ಯಾಂಪ್ ಕಾರ್ಖಾನೆ. ಸೋಪಿನ ಕಥೆ ಬೇರೆ. ನಮ್ಮ ಗಂಧದ ಮರ ಕೊರಡಾಗಿಯೇ ಯೂರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. ೧೯೧೪ರಲ್ಲಿ ಯುದ್ಧ ಬಂದು ಕೊಳ್ಳುವವರಿಲ್ಲದೆ ಕೊರಡು ರಾಶಿ ಬಿದ್ದಾಗ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಟಾಟಾ ವಿಜ್ಞಾನಮಂದಿರದ ಸಡ್‌ಬರೋ ಮತ್ತು ವಾಟ್‌ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ತೆಗೆಯುವುದನ್ನು ಇಲ್ಲಿಯೇ ಸಾಧಿಸಿದರು. ೧೯೧೬ರಲ್ಲಿ ಎಣ್ಣೆಯ ಕಾರ್ಖಾನೆ, ೧೯೧೮ರಲ್ಲಿ ಸೋಪಿನದು. ಅದಕ್ಕಾಗಿ ಇಂಗ್ಲೆಂಡಿಗೆ ಹೋಗಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳನ್ನು ಜನ ಸೋಪ್ ಶಾಸ್ತ್ರಿಗಳೆಂದೇ ಕರೆದರು. ಆನೆಯ ತಲೆ ಸಿಂಹದ ಮೈ ಉಳ್ಳ ಶರಭವು ಪುರಾಣದಿಂದ ಇಳಿದು ಆ ಸೋಪಿನ ಮೇಲೆ ಕುಳಿತಿತು.

ಕೊನೆಗೆ ಗೋಪಾಲಪುರದ ಮಿನರ್ವ ಗಿರಣಿ. ಅದರ ಹೆಸರನ್ನು ತಿಳಿದವರು ಎರಡು ಬಗೆ. ಚಲನಚಿತ್ರದವರಿಗೆ ಅದು ಪಾಳು ಗೋಡೆಗಳ ನಡುವೆ ಹೊಡೆದಾಟದ ದೃಶ್ಯಗಳನ್ನು ತೆಗೆಯುವ ಸ್ಥಳವಾಗಿತ್ತು. ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೆ, ಅವರು ಕಾಶ್ಮೀರದಲ್ಲಿರಲಿ ಕೇರಳದಲ್ಲಿರಲಿ, ಅದು ತಪ್ಪದೆ ಬಾಯಿಪಾಠ ಮಾಡಬೇಕಾದ ಹೆಸರು. ಈ ಎರಡನೆಯವರಲ್ಲಿ ಬಹಳ ಜನಕ್ಕೆ ಅದು ಬೆಂಗಳೂರಿನಲ್ಲಿ ಬಟ್ಟೆ ನೇಯುತ್ತಿದ್ದ ಗಿರಣಿಯೆಂಬುದೇ ಗೊತ್ತಿರಲಾರದು.

ಸಂಗತಿ ಹೀಗೆ. ಗಿರಣಿಯ ಸ್ಥಿತಿ ಕೆಟ್ಟಿತೆಂದು ಕೇಂದ್ರ ಸರ್ಕಾರ ೧೯೭೦ರಲ್ಲಿ ಒಂದು ಸಮಿತಿಯಿಂದ ವಿಚಾರಣೆ ನಡೆಸಿತು. ಮರುವರ್ಷ ಅದರ ಆಡಳಿತವನ್ನು ರಾಷ್ಟ್ರೀಯ ಜವಳಿ ನಿಗಮಕ್ಕೆ ಒಪ್ಪಿಸಿತು. ೧೯೭೪ರಲ್ಲಿ ರೋಗಗ್ರಸ್ತ ಜವಳಿ ಗಿರಣಿಗಳ ರಾಷ್ಟ್ರೀಕರಣದ ಶಾಸನದಂತೆ ಅದು ರಾಷ್ಟ್ರದ ಸ್ವತ್ತಾಯಿತು. ಒಡೆಯರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅಷ್ಟರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬ರಲ್ಲಿ ಸಂವಿಧಾನಕ್ಕೆ ನಾಲ್ವತ್ತೆರಡನೆಯ ತಿದ್ದುಪಡಿ ಆಗಿತ್ತು. ಸಂವಿಧಾನವನ್ನು ತಿದ್ದುವ ಪಾರ್ಲಿಮೆಂಟಿನ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ, ಅಂಥ ತಿದ್ದುಪಡಿಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು. ಗಿರಣಿಯ ಪರವಾಗಿ ವಾದಿಸಿದ ನಾನಿ ಪಾಲ್ಖೀವಾಲಾ ಅವರು ಗಿರಣಿಯ ಲೆಕ್ಕಪತ್ರವನ್ನು ಬದಿಗಿಟ್ಟು ಈ ಮಾತನ್ನೇ ಎತ್ತಿಕೊಂಡರು. ೧೯೮೦ರಲ್ಲಿ ಮುಖ್ಯ ನ್ಯಾಯಾಧೀಶ ಚಂದ್ರಚೂಡರ ಪೀಠ ಆ ಭಾಗವನ್ನು ರದ್ದು ಮಾಡಿತು. ಮಿತಿಯುಳ್ಳ ಅಧಿಕಾರವನ್ನು ಪಡೆದವರು ಅದೇ ಅಧಿಕಾರದಿಂದ ತಮ್ಮ ಮಿತಿಯನ್ನು ಅಳಿಸಿಕೊಳ್ಳಲಾಗದು ಎಂಬುದು ಅದರ ತಾತ್ಪರ್ಯ. ನಮ್ಮ ಮೂಲಭೂತ ಹಕ್ಕುಗಳು ಇಂದು ನಿಂತಿರುವ ಕಂಬಗಳಲ್ಲಿ ಇದೊಂದು.

ಆದರೆ ಗಿರಣಿ ಒಡೆಯರಿಗೆ ಹಿಂದಕ್ಕೆ ಬರಲಿಲ್ಲ. ೧೯೮೬ರಲ್ಲಿ ಅದೇ ನ್ಯಾಯಾಲಯ ರಾಷ್ಟ್ರೀಕರಣವನ್ನು ಎತ್ತಿಹಿಡಿಯಿತು. ಒಡೆಯರ ಹಕ್ಕಿನ ಮಾತು ಇಷ್ಟು ದೂರ ಹೋಯಿತು. ಮಗ್ಗದ ಮುಂದೆ ನಿಂತವರ ಮಾತು ಆ ಹೊತ್ತಗೆಗಳಲ್ಲಿ ಹುಡುಕಿದರೆ ಕಾಣುವುದು ಕಷ್ಟ. ದೇಶದ ಸಂವಿಧಾನಕ್ಕೆ ತನ್ನ ಹೆಸರನ್ನು ಕೊಟ್ಟ ಗಿರಣಿ, ತನ್ನ ಕೂಲಿಗಾರರಿಗೆ ಕೊನೆಗೆ ಕೊಟ್ಟದ್ದು ಬೀಗ ಹಾಕಿದ ಬಾಗಿಲನ್ನು.

ಬಿನ್ನಿ ಗಿರಣಿಯ ನೆಲದಲ್ಲಿ ಈಗ ಎತ್ತರದ ವಸತಿ ಗೋಪುರಗಳು ನಿಂತಿವೆ. ಬಿನ್ನಿಪೇಟೆ ಎಂಬ ವಿಧಾನಸಭಾ ಕ್ಷೇತ್ರವೂ ೨೦೦೮ರ ಮರುವಿಂಗಡಣೆಯಲ್ಲಿ ಇಲ್ಲವಾಯಿತು. ರಾಜಾ ಮಿಲ್ಲಿನ ನೆಲದ ಮೇಲೆ ೨೦೧೦ರಲ್ಲಿ ಮಂತ್ರಿ ಮಾಲ್ ಎಂಬ ಮಹಾಮಳಿಗೆ ತೆರೆಯಿತು. ಅಲ್ಲಿ ಮಾರುವ ವಸ್ತುಗಳಲ್ಲಿ ಹೆಚ್ಚಿನ ಪಾಲು ಸಿದ್ಧ ಉಡುಪು. ನಾವು ವೃದ್ಧರನ್ನು ಕೇಳಿದೆವು, ಅಲ್ಲಿಗೆ ಹೋಗಿದ್ದಿರಾ ಎಂದು. ಮೊಮ್ಮಗಳು ಒಮ್ಮೆ ಕರೆದುಕೊಂಡು ಹೋಗಿದ್ದಳಂತೆ. ಅಂಗಡಿಯೊಂದರಲ್ಲಿ ತೂಗಹಾಕಿದ್ದ ಅಂಗಿಯ ಅಂಚನ್ನು ಹಿಡಿದು, ಹಾಸು ಎಷ್ಟು ಹೊಕ್ಕು ಎಷ್ಟು ಎಂದು ಬೆರಳಿನಲ್ಲಿ ನೋಡುತ್ತಿದ್ದಾಗ, ಅಂಗಡಿಯ ಹುಡುಗ ಬಂದು, “ತಾತ, ಏನು ಬೇಕು?” ಎಂದನಂತೆ.

“ಏನೂ ಬೇಡ ಮಗ, ನೇಯ್ಗೆ ನೋಡ್ತಿದ್ದೆ ಅಂದೆ. ಅವನಿಗೆ ಅರ್ಥವಾಗಲಿಲ್ಲ ಸ್ವಾಮಿ. ನೇಯ್ಗೆ ಸಡಿಲವಾಗಿತ್ತು.”

ನಾವು ಹಿಂದಿರುಗುವಾಗ ಕಾಲು ಸೋತು ಮೆಟ್ರೋ ರೈಲನ್ನು ಹತ್ತಿದೆವು. ಕೆರೆಯ ಅಂಗಳದ ಕೆಳಗಿನಿಂದ ಹೊರಟು, ರಾಜಾ ಮಿಲ್ಲಿನ ನೆಲದ ಪಕ್ಕದ ಸಂಪಿಗೆ ರಸ್ತೆಯನ್ನು ದಾಟಿ, ಶ್ರೀರಾಂಪುರ, ರಾಜಾಜಿನಗರಗಳ ಛಾವಣಿಗಳ ಮೇಲೆ ಅದು ಉತ್ತರಕ್ಕೆ ಹೋಗುತ್ತದೆ. ಮುಂದಿನ ನಿಲ್ದಾಣದ ಹೆಸರನ್ನು ಒಂದು ಹೆಣ್ಣಿನ ದನಿ ಕನ್ನಡದಲ್ಲಿ ಸಾರಿತು: ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಕೇಳಿ ನಮಗೆ ಒಂದು ಬಗೆಯ ಸಂತೋಷವಾಯಿತು. ಈ ದಾರಿಯಲ್ಲಿ ನಾವು ಕಂಡ ಹೆಸರುಗಳ ಪೈಕಿ, ಹೆಸರಿನ ವಸ್ತುವೂ ಹೆಸರಿನ ಪಕ್ಕದಲ್ಲಿಯೇ ಇದ್ದು ಕೆಲಸ ಮಾಡುತ್ತಿರುವುದು ಇದೊಂದೇ.